ಸೀಟಿನ ಮೇಲೆ ಬಿಡಬೇಡಿ, ಕೈಗೇ ಕೊಡಿ

ನೀವು ಕೇಳಿದ್ದು ಎರಡು ವಿಷಯ. ಮುಂಬೈ ಪಕ್ಕದ ಠಾಣೆ ಊರಿಗೆ ಹೊಸದಾಗಿ ಬಂದಿದ್ದೀರಿ, ಓದಿ ಮುಗಿಸಿದ ಒಂದು ಕನ್ನಡ ಹಾಸ್ಯ ಕಾದಂಬರಿ ಇದೆ. ಅದು ಗುರುತಿಲ್ಲದ ಕನ್ನಡದವರ ಕೈಯಿಂದ ಕೈಗೆ ಹೋಗಲಿ ಅಂತ ಲೋಕಲ್ ಟ್ರೈನಿನ ಸೀಟಿನ ಮೇಲೆ ಬಿಟ್ಟು ಇಳಿಯಬಹುದಾ? ಆಮೇಲೆ ಅದು ಯಾವತ್ತಾದರೂ ವಾಪಸ್ ಬರುತ್ತಾ?

ಸೀಟಿನ ಮೇಲೆ ಮಾತ್ರ ಬಿಡಬೇಡಿ. ಅಮೆರಿಕದಲ್ಲಿ 2001ರಲ್ಲಿ ಬುಕ್‌ಕ್ರಾಸಿಂಗ್ ಅಂತ ಶುರುವಾಯಿತು. ಪುಸ್ತಕಕ್ಕೆ ಒಂದು ನಂಬರ್ ಅಂಟಿಸಿ ಪಾರ್ಕಿನ ಬೆಂಚಿನ ಮೇಲೋ ಹೋಟೆಲಿನಲ್ಲೋ ಬಿಟ್ಟು ಬರುವುದು, ಸಿಕ್ಕವರು ಆ ನಂಬರ್ ಹಾಕಿ ಎಲ್ಲಿ ಸಿಕ್ಕಿತು ಅಂತ ತಿಳಿಸುವುದು. ಒಳ್ಳೆಯ ಯೋಚನೆ. ಆದರೆ ನಮ್ಮ ಲೋಕಲ್‌ಗೆ ಹೊಂದಲ್ಲ. ವಾರಸುದಾರರಿಲ್ಲದ ಸಾಮಾನು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಅಂತ ಸ್ಟೇಷನ್ನಿನಲ್ಲಿ ಕೂಗುವುದನ್ನು ನೀವೂ ಕೇಳಿರುತ್ತೀರಿ. 2006ರ ಜುಲೈ 11ರ ಸಂಜೆ ವೆಸ್ಟರ್ನ್ ಲೈನಿನ ಗಾಡಿಗಳಲ್ಲಿ ಏಳು ಬಾಂಬ್ ಸಿಡಿದ ಊರು ಈ ಮುಂಬೈ. ಕಾಗದ ಸುತ್ತಿದ ಕಟ್ಟೊಂದು ಸೀಟಿನ ಮೇಲೆ ಒಂಟಿಯಾಗಿ ಬಿದ್ದಿದ್ದರೆ ಯಾರೂ ಬಿಚ್ಚಿ ನೋಡಲ್ಲ. ಪಕ್ಕದಲ್ಲಿ ಕೂತವರು ಹೆದರುತ್ತಾರೆ.

ಕೈಗೇ ಕೊಡಬೇಕು. ಯಾರಿಗೆ ಅನ್ನೋದಕ್ಕೆ ಹುಡುಕಾಡುವುದೂ ಬೇಡ. ನಗಿಸುವ ಪುಸ್ತಕ ತನ್ನ ಓದುಗರನ್ನು ತಾನೇ ಕರೆದುಕೊಳ್ಳುತ್ತದೆ. ಅಳು ಬರಿಸುವ ಕಾದಂಬರಿ ಓದುತ್ತಾ ಕೂತವರನ್ನು ಯಾರೂ ಮಾತಾಡಿಸಲ್ಲ. ಬೆಳಗಿನ ಗಾಡಿಯಲ್ಲಿ ಒಬ್ಬರೇ ಕೂತು ನಗುವವರನ್ನು ಸುತ್ತಲಿನವರು ನೋಡದೆ ಇರಲ್ಲ, ಅಲ್ವಾ?

ನಾನು ಡೊಂಬಿವಲಿಯವಳು. ಕೆಲಸ ಮಸ್ಜಿದ್ ಬಂದರ್‌ನಲ್ಲಿ. ಒಂದು ದಿನ ಲೇಡೀಸ್ ಡಬ್ಬದಲ್ಲಿ ಹೇಗೋ ಫೋರ್ತ್ ಸೀಟ್ ಸಿಕ್ಕಿತ್ತು. ಮೂವರ ಸೀಟಿನ ತುದಿಯಲ್ಲಿ ಅರ್ಧ ಕೂತು, ಅರ್ಧ ನಿಂತು ಕಾದಂಬರಿ ಓದುತ್ತಿದ್ದೆ. ಮದುವೆ ಮನೆಯಲ್ಲಿ ಅಡುಗೆಯವರು ಮುನಿಸಿಕೊಂಡು ಹೊರಡುವ ಭಾಗ ಬಂತು. ತಡೆಯಲಾಗದೆ ನಕ್ಕೆ. ನನ್ನ ಮುಂದೆ ನಿಂತಿದ್ದವರು ಬಗ್ಗಿದರು. ಎಲ್ಲಿ ಇಳಿಯುತ್ತೀರಿ, ಸೀಟು ನನಗೆ ಕೊಡಿ ಅಂತ ಕೇಳುತ್ತಾರೆ ಅಂದುಕೊಂಡೆ. ಅವರು ಪುಸ್ತಕದ ಅಕ್ಷರ ನೋಡಿ, "ಅಕ್ಕಾರ, ಅಷ್ಟ್ಯಾಕ ನಗಾಕತ್ತೀರಿ? ನಮಗೂ ಒಂದೀಟು ಹೇಳ್ರೆಲಾ" ಅಂದರು. ಆ ಪುಟ ಓದಿ ಹೇಳಿದೆ. ಮುಲುಂಡ್ ಬರುವ ಹೊತ್ತಿಗೆ ಕಿಟಕಿ ಪಕ್ಕದ ಮಂಗಳೂರು ಕಡೆಯವರೊಬ್ಬರೂ ಕಿವಿ ಕೊಟ್ಟಿದ್ದರು. ನನಗಿನ್ನೂ ಮೂವತ್ತು ಪುಟ ಬಾಕಿ ಇತ್ತು. ರಾತ್ರಿ ಕೂತು ಮುಗಿಸಿದೆ. ಮರುದಿನ ಅದೇ ಗಾಡಿ, ಅದೇ ಡಬ್ಬ. ಮೊದಲು ಕೇಳಿದ್ದರಲ್ಲ, ಅವರು ಘಾಟ್ಕೋಪರ್‌ನಲ್ಲಿ ಇಳಿಯುವಾಗ ಕೈಗಿಟ್ಟೆ. ಹೆಸರು ಕೇಳಲಿಲ್ಲ, ಫೋನ್ ನಂಬರೂ ತಗೊಳ್ಳಲಿಲ್ಲ.

ಕೊಡುವ ಮುಂಚೆ ಒಂದು ಕೆಲಸ ಮಾಡಿದ್ದೆ, ನೀವೂ ಮಾಡಿ. ಹಳೇ ಕ್ಯಾಲೆಂಡರಿನ ಹಾಳೆಯನ್ನು ಬಿಳಿ ಬದಿ ಮೇಲೆ ಬರುವ ಹಾಗೆ ರಟ್ಟಿಗೆ ಹೊದಿಸಿದೆ. ಕೊನೆಯ ಖಾಲಿ ಹಾಳೆಯಲ್ಲಿ ಹೀಗೆ ಬರೆದೆ: "ಓದಿ ಮುಗಿಸಿ ಇನ್ನೊಬ್ಬರಿಗೆ ಕೊಡಿ. ಹೆಸರು ಬೇಡ. ಎಲ್ಲಿ ನಕ್ಕಿರಿ ಅಂತ ಮಾತ್ರ ಬರೆಯಿರಿ." ಹೆಸರು, ವಿಳಾಸ ಅಂದರೆ ಜನ ಹಿಂದೆಮುಂದೆ ನೋಡುತ್ತಾರೆ, ಅದರಲ್ಲೂ ಹೆಂಗಸರು. ನಕ್ಕ ಜಾಗ ಬರೆಯೋದಕ್ಕೆ ಯಾರಿಗೂ ಅಂಜಿಕೆ ಇಲ್ಲ.

ಭಾಷೆಯ ಚಿಂತೆ ಬೇಡ. ನನ್ನ ಪುಸ್ತಕದಲ್ಲಿ ಧಾರವಾಡದ ಮಾತು ಜಾಸ್ತಿ, ಉಡುಪಿ ಕಡೆಯವರಿಗೆ ಅರ್ಥ ಆಗುತ್ತಾ ಅಂತ ನನಗೂ ಅನುಮಾನ ಇತ್ತು. ಆದರೆ ಖೋಲಿ (ಕೋಣೆ), ಗಚ್ಚಿ (ತಾರಸಿ), ತ್ರಾಸ (ತೊಂದರೆ) ಇವೆಲ್ಲ ಮರಾಠಿಯಲ್ಲೂ ಇವೆ. ಬೆಂಗಳೂರಿನಲ್ಲಿ ಗಚ್ಚಿ ಅಂದರೆ ಏನು ಅಂತ ಕೇಳುವವರು ಸಿಗಬಹುದು, ಮುಂಬೈ ಕನ್ನಡಿಗರಿಗೆ ಕೇಳಬೇಕಾಗಿಲ್ಲ.

ಟ್ರೈನಿನಲ್ಲಿ ಯಾರೂ ಸಿಗದಿದ್ದರೆ ಮಾಟುಂಗಾಕ್ಕೆ ಹೋಗಿ. ಮೈಸೂರು ಅಸೋಸಿಯೇಷನ್ ಅಲ್ಲಿದೆ, 1926ರದು. ಹತ್ತಿರದಲ್ಲೇ ಮಾಹಿಮ್ ಕಡೆ ಕರ್ನಾಟಕ ಸಂಘ, 1933ರದು. ನಾಟಕವೋ ಭಾಷಣವೋ ಇದ್ದ ದಿನ ಸ್ವಲ್ಪ ಬೇಗ ಹೋಗಿ ಕೂತು ಓದುತ್ತಿರಿ. ನನಗೆ ಅಲ್ಲಿ ಸಿಕ್ಕ ಹಿರಿಯರೊಬ್ಬರು ಪುಸ್ತಕ ತಗೊಳ್ಳುವ ಮುಂಚೆ ಅರ್ಧ ಗಂಟೆ ಕೊರವಂಜಿಯ ಬಗ್ಗೆಯೇ ಮಾತಾಡಿದರು. ಹಾಸ್ಯ ಬರಹಗಾರ ರಾಶಿಯವರು 1942ರಿಂದ 1967ರವರೆಗೆ ನಡೆಸಿದ ಹಾಸ್ಯ ಮಾಸಪತ್ರಿಕೆ ಅದು. ಆರ್.ಕೆ. ಲಕ್ಷ್ಮಣ್ ಮುಂಬೈಗೆ ಬರುವ ಮುಂಚೆ ಅದಕ್ಕೆ ಚಿತ್ರ ಬರೆಯುತ್ತಿದ್ದರು. ಆ ಹಿರಿಯರ ಮನೆಗೆ ಬರುವ ಒಂದೇ ಪ್ರತಿ ಇಡೀ ಬೀದಿ ಸುತ್ತಿ ಬರುತ್ತಿತ್ತಂತೆ.

ಸ್ಕ್ಯಾನ್ ಮಾಡಿ ಪಿಡಿಎಫ್ ಕಳಿಸಿ ಅಂತ ಯಾರಾದರೂ ಕೇಳಿದರೆ ಆಗಲ್ಲ ಅನ್ನಿ. ಕೊಂಡ ಪ್ರತಿಯನ್ನು ಇನ್ನೊಬ್ಬರಿಗೆ ಕೊಡುವುದು ನಿಮ್ಮ ಹಕ್ಕು. ಆದರೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಅವರ ಮನೆಯವರದ್ದೇ ಆಗಿರಬಹುದು. ಹಾಸ್ಯ ಬರೆದು ಯಾರೂ ದುಡ್ಡು ಮಾಡಿಲ್ಲ, ಬರುವ ಚೂರುಪಾರನ್ನೂ ನಾವು ತಪ್ಪಿಸುವುದು ಬೇಡ.

ಯಾವ ಕಾದಂಬರಿ ಅಂತ ಬೇಕಂತಲೇ ಬರೆದಿಲ್ಲ. ಹೇಳಿದರೆ ನೀವು ಅದನ್ನೇ ಹುಡುಕಿಕೊಂಡು ಹೋಗುತ್ತೀರಿ. ನಿಮ್ಮನ್ನು ನಗಿಸಿದ್ದನ್ನೇ ಕೊಡಿ.

ಇನ್ನು ವಾಪಸ್ ಬರುವ ವಿಷಯ. ನನ್ನ ಎರಡನೇ ಪುಸ್ತಕ ಹೋದದ್ದು ಹೋಯಿತು, ಸುಳಿವೇ ಇಲ್ಲ. ಬೇಜಾರಾಯಿತು. ಮೊದಲನೆಯದನ್ನು ಕೊಟ್ಟು ಒಂದೂವರೆ ವರ್ಷವಾಗಿತ್ತು. ಒಂದು ಭಾನುವಾರ ಮಾಟುಂಗಾ ಸ್ಟೇಷನ್ ಪಕ್ಕದ ರಾಮಾ ನಾಯಕರ ಉಡುಪಿ ಬೋರ್ಡಿಂಗಿನಲ್ಲಿ ಊಟಕ್ಕೆ ಕಾಯುತ್ತಿದ್ದೆ. 1942ರಿಂದ ನಡೆದುಬಂದ ಜಾಗ, ಭಾನುವಾರ ಅಂದರೆ ಕಾಯಲೇಬೇಕು. ನನ್ನ ಮುಂದಿದ್ದ ಹುಡುಗಿಯ ಚೀಲದಿಂದ ಕ್ಯಾಲೆಂಡರ್ ಹಾಳೆಯ ರಟ್ಟು ಇಣುಕುತ್ತಿತ್ತು. ಒಂದು ನಿಮಿಷ ನೋಡಿ ಕೊಡುತ್ತೀನಿ ಅಂತ ಕೇಳಿ ತಗೊಂಡೆ.

ಬಿಳಿ ಹಾಳೆ ಚಹಾದ ಬಣ್ಣಕ್ಕೆ ತಿರುಗಿತ್ತು. ಅಡುಗೆಯವರ ಪುಟದಲ್ಲಿ ಅರಿಸಿನದ ಹೆಬ್ಬೆಟ್ಟು. ಕೊನೆಯ ಹಾಳೆ ತುಂಬಿ, ಯಾರೋ ಇನ್ನೊಂದು ಹಾಳೆ ಅಂಟಿಸಿದ್ದರು. ವಿಕ್ರೋಲಿ. ವಾಶಿ ಸೇತುವೆ ಮೇಲೆ. ಕೋರ್ಟಿನ ಹೊರಗೆ, ನಮ್ಮ ಕೇಸ್ ಕರೆಯುವವರೆಗೆ. "ಆಸ್ಪತ್ರೆಯಲ್ಲಿ. ಅಮ್ಮನಿಗೆ ಓದಿ ಹೇಳಿದೆ. ಆಪರೇಷನ್ ಆದ ಮೇಲೆ ಮೊದಲ ಸಲ ನಕ್ಕಳು, ಹೊಲಿಗೆ ನೋಯುತ್ತೆ ನಿಲ್ಲಿಸೇ ಅಂದಳು." ಒಟ್ಟು ಹದಿನೇಳು ಸಾಲು. ಕೊನೆಯದು ದೇವನಾಗರಿ ಅಕ್ಷರದಲ್ಲಿತ್ತು. ಮರಾಠಿ ಅಂದುಕೊಂಡೆ. ಓದಿದರೆ ಕನ್ನಡ: "ಅಜ್ಜಿ ಓದಿದ್ರು, ನಾನು ಕೇಳಿದೆ. ನಮ್ಮ ಮನೆ ಗಚ್ಚಿ ಮೇಲೆ."

"ಇದು ನೀನು ಬರೆದದ್ದಾ?" ಅಂತ ಕೇಳಿದೆ. ಹೌದು, ಕನ್ನಡ ಮಾತಾಡೋಕೆ ಬರುತ್ತೆ, ಅಕ್ಷರ ಗೊತ್ತಿಲ್ಲ ಅಂದಳು. ಮುಂದೆ ಯಾರಿಗೆ ಕೊಡುತ್ತೀಯಾ ಅಂದೆ. ಇನ್ನೂ ಕೊಡಲ್ಲ, ಅಜ್ಜಿ ಹತ್ತಿರ ಇದರಲ್ಲೇ ಅ ಆ ಇ ಈ ಕಲಿಯುತ್ತಿದ್ದೀನಿ ಅಂದಳು. ಒಳಗಿನಿಂದ ಕರೆದರು. ಪುಸ್ತಕ ಅವಳ ಚೀಲಕ್ಕೇ ವಾಪಸ್ ಹಾಕಿದೆ.