ಕುಲುಕಿ ಕುಡಿಯಿರಿ

ಪ್ರಶ್ನೆ: ಉಡುಪಿಯ ಮೆಡಿಕಲ್ ಶಾಪ್ ಒಂದರಲ್ಲಿ ಕೆಲಸ ಮಾಡುತ್ತೇನೆ. ಮಧ್ಯಾಹ್ನ ಗಿರಾಕಿ ಕಡಿಮೆ. ಆಗ ಪತ್ತೇದಾರಿ ಕಾದಂಬರಿ ಬರೆಯುವ ಆಸೆ. ಆದರೆ ಸಾಹಿತ್ಯ ಓದಿದವಳಲ್ಲ, ಪೊಲೀಸರ ಪರಿಚಯವೂ ಇಲ್ಲ. ನನ್ನಿಂದ ಆಗುತ್ತದಾ ಸರ್?
— ಓದುಗಿ, ಕಲ್ಸಂಕ

ಉತ್ತರ: ಆಗುತ್ತದೆ ತಂಗಿ. ಪತ್ತೇದಾರಿ ಕಾದಂಬರಿಗೆ ಹೆಸರಾದ ಇಂಗ್ಲಿಷ್ ಲೇಖಕಿ ಅಗಾಥಾ ಕ್ರಿಸ್ಟಿ ಶುರು ಮಾಡಿದ್ದೂ ನಿಮ್ಮಂಥ ಜಾಗದಲ್ಲೇ. ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಟಾರ್ಕಿ ಊರಿನ ಆಸ್ಪತ್ರೆಯಲ್ಲಿ ಮದ್ದು ಕೊಡುವ ಕೆಲಸ ಅವರದು. ಸುತ್ತ ವಿಷದ ಬಾಟಲಿಗಳು, ನಡುನಡುವೆ ಬಿಡುವು. ಕಥೆ ಹೊಳೆದದ್ದು ಅಲ್ಲಿ.

ಆ ಮೊದಲ ಕಾದಂಬರಿ, 'ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್', 1920ರಲ್ಲಿ ಬಂತು. ಅದರಲ್ಲಿನ ವಿಷ ಸ್ಟ್ರಿಕ್ನೀನ್. ನಮ್ಮ ಗುಡ್ಡದ ಕಾಸರಕನ ಬೀಜದಲ್ಲಿ ಇರುವುದು ಅದೇ. ಓದುವಾಗ ನನಗೆ ಮೈ ಜುಮ್ಮೆಂದಿತ್ತು. ಮಂಗಳೂರಿನ ಹಂಪನಕಟ್ಟೆಯ ಒಂದು ಕ್ಲಿನಿಕ್‌ನಲ್ಲಿ ನಾನು ಕಂಪೌಂಡರ್ ಆಗಿದ್ದವನು. ಮಿಕ್ಸ್‌ಚರ್ ಕಲಸಿ ಕೊಡುತ್ತಿದ್ದ ಕಾಲ. ಬಾಟಲಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದೆ, ಹಲ್ಲಿಗೊಂದು ಡೋಸ್. 'ಕುಲುಕಿ ಕುಡಿಯಿರಿ' ಅಂತ ಪ್ರತಿಯೊಬ್ಬರಿಗೂ ಹೇಳಬೇಕಿತ್ತು. ಒಮ್ಮೆ ಒಬ್ಬರು ಅಜ್ಜಿ ಮುಗಿಯುತ್ತಾ ಬಂದ ಬಾಟಲಿ ಹಿಡಿದುಕೊಂಡು ಬಂದರು. ಅಷ್ಟು ದಿನ ಮೇಲಿನ ನೀರು ಮಾತ್ರ ಕುಡಿದಿದ್ದರು. ತಳದಲ್ಲಿ ಎರಡು ಬೆರಳು ಬಿಳಿ ಗಸಿ. ಮದ್ದೆಲ್ಲ ಅಲ್ಲೇ ಕೂತಿತ್ತು! ಕ್ರಿಸ್ಟಿಯ ಕಥೆಯ ಗುಟ್ಟು ಕೂಡ ಇಂಥದೇ ಒಂದು ಸಂಗತಿ. ಇನ್ನು ಹೇಳುವುದಿಲ್ಲ, ನೀವೇ ಓದಬೇಕು. ವಿಷದ ವಿಷಯ ಸರಿಯಾಗಿ ಬರೆದಿದ್ದಾರೆ ಅಂತ ಔಷಧ ವೃತ್ತಿಯವರ ಪತ್ರಿಕೆಯೇ ಮೆಚ್ಚಿತ್ತು. ಅದು ಅವರಿಗೆ ತುಂಬ ಖುಷಿ ಕೊಟ್ಟ ಹೊಗಳಿಕೆ.

ಅದಕ್ಕೆ ಮೊದಲು ಹಲವು ಪ್ರಕಾಶಕರು ಹಸ್ತಪ್ರತಿ ವಾಪಸ್ ಕಳಿಸಿದ್ದರು. ಕೊನೆಗೆ ಕೈಗೆ ಬಂದದ್ದು 25 ಪೌಂಡ್. ಆದರೂ ಬರೆದರು, ಒಟ್ಟು 66 ಪತ್ತೇದಾರಿ ಕಾದಂಬರಿ. 1926ರಲ್ಲಿ ಅವರು 11 ದಿನ ಕಾಣೆಯಾದದ್ದನ್ನೇ ಜನ ಜಾಸ್ತಿ ಮಾತಾಡುತ್ತಾರೆ. ನನಗೆ ಆ ಮದ್ದಿನ ಕೋಣೆಯೇ ದೊಡ್ಡದು. ಅವರು ತೀರಿಕೊಂಡ ಮರುವರ್ಷ, 1977ರಲ್ಲಿ, ಕತಾರ್‌ನ ಒಂದು ಮಗುವನ್ನು ಲಂಡನ್ನಿನ ಆಸ್ಪತ್ರೆಗೆ ತಂದಿದ್ದರು. ಕಾಯಿಲೆ ಏನೆಂದು ಡಾಕ್ಟರರಿಗೆ ಗೊತ್ತಾಗಲಿಲ್ಲ. ಅಲ್ಲಿನ ನರ್ಸ್ ಒಬ್ಬರು ಆಗ ಕ್ರಿಸ್ಟಿಯ 'ದಿ ಪೇಲ್ ಹಾರ್ಸ್' ಓದುತ್ತಿದ್ದರು. ಮಗುವಿನ ಕೂದಲು ಉದುರುವುದನ್ನು ನೋಡಿ, ಇದು ಆ ಕಥೆಯಲ್ಲಿ ಬರುವ ಥಾಲಿಯಂ ವಿಷ ಇರಬಹುದಾ ಅಂತ ಕೇಳಿದರು. ಪರೀಕ್ಷೆ ಮಾಡಿದರೆ ಹೌದು. ಮಗು ಬದುಕಿತು.

ಪೊಲೀಸ್ ಠಾಣೆಯ ಚಿಂತೆ ಈಗ ಬೇಡ. ಚೀಟಿಯ ಅಕ್ಷರ, ಗಿರಾಕಿ ಮೆಲ್ಲಗೆ ಕೇಳುವ ಮಾತ್ರೆ, ಮನೆಗೆ ಬೇಡವಾಗಿ ವಾಪಸ್ ಬರುವ ಸ್ಟ್ರಿಪ್: ಇವು ನಿಮಗೆ ಗೊತ್ತಿರುವಷ್ಟು ಇನ್ಸ್‌ಪೆಕ್ಟರಿಗೆ ಗೊತ್ತಿಲ್ಲ ಅಲ್ವಾ? ಅಲ್ಲಿಂದಲೇ ಶುರು ಮಾಡಿ. ಮೊದಲ ಹತ್ತು ಪುಟ ಆದ ಕೂಡಲೇ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮದ್ದಿನ ಲೆಕ್ಕ ತಪ್ಪಿದ್ದರೆ ನಾನು ತಿದ್ದಿ ಕೊಡುತ್ತೇನೆ.