ಬಾಳೆಲೆಯೂ ಬಿಸಾಡುವ ವಸ್ತುವೇ, ಮೇಷ್ಟ್ರೇ

ಹಾಸನದ ನಿವೃತ್ತ ಮೇಷ್ಟ್ರೊಬ್ಬರ ಕಾಗದ ಬಂದಿದೆ. ಅದರ ಸಾರ ಇಷ್ಟು: ‘ಅಮೆರಿಕದ ಕಂಪನಿಯೊಂದರ ರಾಕೆಟ್ ಮೇಲೆ ಹೋಗಿ, ವಾಪಸ್ ಬಂದು ನೆಟ್ಟಗೆ ನಿಲ್ಲುತ್ತದೆ, ಮತ್ತೆ ಹಾರುತ್ತದೆ. ಇಂಥ ಕಾಲದಲ್ಲಿ ಇಸ್ರೋ ಎಸ್‌ಎಸ್‌ಎಲ್‌ವಿ ಎಂಬ ಪುಟ್ಟ ರಾಕೆಟ್ ಮಾಡಿ, ಒಂದೇ ಸಲ ಹಾರಿಸಿ ಸಮುದ್ರಕ್ಕೆ ಬಿಸಾಡುತ್ತಿದೆ. ಈಗ ಅದನ್ನೇ ಎಚ್‌ಎಎಲ್‌ಗೂ ಕೊಟ್ಟಿದ್ದಾರೆ. ದೀಪಾವಳಿ ಪಟಾಕಿಗೆ ಸಾಲ ಮಾಡಿದ ಹಾಗಲ್ಲವೇ ಇದು?’ ಕೊನೆಯಲ್ಲಿ, ಮೊಮ್ಮಗನಿಗೆ ಉಡಾವಣೆ ತೋರಿಸಲು ಆಗುತ್ತದಾ ಎಂದೂ ಕೇಳಿದ್ದಾರೆ.

ಮೇಷ್ಟ್ರೇ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಇಸ್ರೋದ ದೊಡ್ಡ ದೊಡ್ಡ ಆಂಟೆನಾಗಳಿರುವ ಊರಿನವರು ನೀವು. ಕೇಳುವ ಹಕ್ಕು ನಿಮಗೆ ಬೇರೆಯವರಿಗಿಂತ ಜಾಸ್ತಿನೇ ಇದೆ.

ವಾಪಸ್ ಬರುವ ರಾಕೆಟ್ ದೊಡ್ಡ ಸಾಧನೆ, ಒಪ್ಪಿದೆ. ಇಸ್ರೋನೂ ಸುಮ್ನೆ ಕೂತಿಲ್ಲ. ಚಳ್ಳಕೆರೆ ಹತ್ತಿರದ ರನ್‌ವೇಯಲ್ಲಿ 2023 ಮತ್ತು 2024ರಲ್ಲಿ ಒಟ್ಟು ಮೂರು ಸಲ, ರೆಕ್ಕೆಯಿರುವ ವಾಹನವನ್ನು ಹೆಲಿಕಾಪ್ಟರ್‌ನಿಂದ ಕೆಳಗೆ ಬಿಟ್ಟು, ಅದು ತಾನಾಗಿ ಇಳಿಯುವಂತೆ ಮಾಡಿ ನೋಡಿದ್ದಾರೆ. ಮುಂದೆ ಬರಲಿರುವ ದೊಡ್ಡ ರಾಕೆಟ್‌ನ ಮೊದಲ ಹಂತವೂ ವಾಪಸ್ ಬರುವಂಥದ್ದೇ.

ಆದರೆ ಬಿಸಾಡಿದ್ದೆಲ್ಲ ದಂಡ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ನಿಮ್ಮ ಮನೆ ಗೃಹಪ್ರವೇಶದ ದಿನ ಸ್ಟೀಲ್ ತಟ್ಟೆ ಇಟ್ಟಿದ್ರಾ, ಎಲೆ ಹಾಕಿದ್ರಾ? ಎಲೆಯೇ ಇರಬೇಕು. ಉಂಡು ಮುಗಿದ ಮೇಲೆ ಮಡಚಿ ಎತ್ತಿ ಬಿಸಾಡಿದಾಗ ‘ಅಯ್ಯೋ, ದುಡ್ಡು ಹಾಳಾಯ್ತು’ ಎಂದು ಯಾರೂ ಅನ್ನಲಿಲ್ಲ ಅಲ್ವಾ? ದಿನಾ ಸಾವಿರ ಹುಡುಗರು ಉಣ್ಣುವ ಹಾಸ್ಟೆಲ್‌ನ ಲೆಕ್ಕ ಬೇರೆ. ಅಲ್ಲಿ ತಟ್ಟೆಯೇ ಸರಿ. ತೊಳೆಯೋಕೆ ಆಳು, ನೀರು, ಜೋಡಿಸಿಡೋಕೆ ಜಾಗ ಎಲ್ಲ ಬೇಕು, ಆದರೂ ಗಿಟ್ಟುತ್ತದೆ.

ನೀವು ಹೇಳಿದ ಆ ಅಮೆರಿಕದ ರಾಕೆಟ್, ಫಾಲ್ಕನ್ 9, ಆ ಹಾಸ್ಟೆಲ್ ಇದ್ದ ಹಾಗೆ. 2024 ಒಂದೇ ವರ್ಷದಲ್ಲಿ 130 ಸಲಕ್ಕೂ ಜಾಸ್ತಿ ಹಾರಿತು. ಅದರಲ್ಲೂ ವಾಪಸ್ ಬರುವ ದೊಡ್ಡ ಭಾಗ ಮೊದಲ ಹಂತ ಮಾತ್ರ. ಎರಡನೇ ಹಂತವನ್ನು ಇವತ್ತಿಗೂ ಪ್ರತಿ ಸಲ ಬಿಸಾಡುತ್ತಾರೆ. ನಮ್ಮ ಎಸ್‌ಎಸ್‌ಎಲ್‌ವಿ ತನ್ನ ಮೊದಲ ಎರಡು ವರ್ಷಗಳಲ್ಲಿ ಹಾರಿದ್ದು ಮೂರೇ ಸಲ. ಮೂರು ಪಂಕ್ತಿ ಊಟಕ್ಕೆ ಯಾರಾದರೂ ತಟ್ಟೆ ತೊಳೆಯುವ ಮಿಷನ್ ಕೊಳ್ಳುತ್ತಾರಾ? ಅಮೆರಿಕದವರ ಸ್ಪೇಸ್ ಶಟಲ್ ನೆನಪಿದೆಯಲ್ಲ? 1981ರಿಂದ 2011ರವರೆಗೆ 135 ಸಲ ಹಾರಿತು. ಮತ್ತೆ ಮತ್ತೆ ಬಳಸಿದರೆ ಅಗ್ಗ ಆಗುತ್ತದೆ ಎಂದೇ ಅದನ್ನು ಕಟ್ಟಿದ್ದು. ಪ್ರತಿ ಸಲ ಇಳಿದ ಮೇಲೆ ಮೈಮೇಲಿನ, ಶಾಖ ತಡೆಯುವ 20 ಸಾವಿರಕ್ಕೂ ಜಾಸ್ತಿ ಬಿಲ್ಲೆಗಳನ್ನು ಪರೀಕ್ಷೆ ಮಾಡಬೇಕಿತ್ತು. ತೊಳೆಯುವ ಖರ್ಚೇ ಊಟದ ಖರ್ಚನ್ನು ನುಂಗಿತು.

ಎಸ್‌ಎಸ್‌ಎಲ್‌ವಿ ಸರಳ ವಸ್ತು. 34 ಮೀಟರ್ ಉದ್ದ, 2 ಮೀಟರ್ ಅಗಲ, 120 ಟನ್ ತೂಕ. ಮೂರು ಹಂತದಲ್ಲೂ ಘನ ಇಂಧನ. ಒಮ್ಮೆ ಹೊತ್ತಿಸಿದರೆ ಆರಿಸೋಕೆ ಬರೋದಿಲ್ಲ, ಹಾಗಾಗಿ ಅದು ಕಾಲೂರಿ ಇಳಿಯುವ ಮಾತೇ ಇಲ್ಲ. ಆದರೆ ಆ ಹಂತಗಳಲ್ಲಿ ಇಂಧನ ನೂಕುವ ಪಂಪಿನ ರಗಳೆಯೂ ಇಲ್ಲ. ಮೊದಲೇ ತುಂಬಿಸಿ ಇಟ್ಟುಕೊಳ್ಳಬಹುದು, ಸಣ್ಣ ತಂಡ ಸೇರಿ ಕೆಲವೇ ದಿನದಲ್ಲಿ ಜೋಡಿಸಬಹುದು. ಕೊನೆಯಲ್ಲಿ ವೇಗ ತಿದ್ದಲು ಮಾತ್ರ ದ್ರವ ಇಂಧನದ ಪುಟ್ಟ ಘಟಕವಿದೆ. ಇಷ್ಟರಲ್ಲಿ 500 ಕಿಲೋ ತೂಕವನ್ನು 500 ಕಿಲೋಮೀಟರ್ ಎತ್ತರಕ್ಕೆ ಮುಟ್ಟಿಸುತ್ತದೆ. ಮೂರು ಪ್ರಯೋಗ ಹಾರಾಟವೂ ಸೇರಿ ಇದನ್ನು ರೂಪಿಸಲು ಮಂಜೂರಾದ ಹಣ 169 ಕೋಟಿ ರೂಪಾಯಿ. ನಮ್ಮ ಊರುಗಳಲ್ಲಿ ಒಂದು ಮೇಲ್ಸೇತುವೆಗೆ ಸುರಿಯುವ ದುಡ್ಡನ್ನು ನೆನೆಸಿಕೊಳ್ಳಿ.

ದೊಡ್ಡ ರಾಕೆಟ್‌ನಲ್ಲಿ ಸೀಟು ಹಂಚಿಕೊಂಡು ಹೋದರೆ ಕಿಲೋ ಲೆಕ್ಕದಲ್ಲಿ ಅಗ್ಗ ಬೀಳುತ್ತದೆ, ನಿಜ. ಬೆಂಗಳೂರಿನ ಪಿಕ್ಸೆಲ್ ಕಂಪನಿಯ ಮೂರು ಫೈರ್‌ಫ್ಲೈ ಉಪಗ್ರಹಗಳು 2025ರ ಜನವರಿಯಲ್ಲಿ ಹಾಗೇ ಕ್ಯಾಲಿಫೋರ್ನಿಯಾದಿಂದ ಹೋದವು. ಆದರೆ ಅದು ದಿಬ್ಬಣದ ಬಸ್ಸು. ಅದು ಹೊರಟಾಗ ಹೊರಡಬೇಕು, ಅದು ನಿಲ್ಲಿಸಿದಲ್ಲಿ ಇಳಿಯಬೇಕು. ನಮಗೆ ಬೇಕಾದ ದಿನ, ಬೇಕಾದ ಕಕ್ಷೆಗೆ ಹೋಗಲು ಮನೆ ಮುಂದೆ ನಮ್ಮದೇ ಗಾಡಿ ಇರಬೇಕು.

ನಿಮ್ಮ ಕಾಗದದಲ್ಲಿ ನನಗೆ ನೋವಾದ ಸಾಲು ಇನ್ನೊಂದು: ‘ಮೊದಲ ಸಲವೇ ಮುಗ್ಗರಿಸಿತಲ್ಲ.’ ಮೇಷ್ಟ್ರಾಗಿದ್ದವರು ಹೀಗೆ ಬರೆಯಬಾರದಿತ್ತು. 2022ರ ಆಗಸ್ಟ್ 7ರಂದು ಏನಾಯ್ತು ಗೊತ್ತಾ? ಎರಡನೇ ಹಂತ ಕಳಚಿಕೊಳ್ಳುವಾಗ ರಾಕೆಟ್ಟಿನ ಉಪಕರಣಗಳ ಅಟ್ಟ ಕ್ಷಣಕಾಲ ಜೋರಾಗಿ ನಡುಗಿತು. ಚಲನೆ ಅಳೆಯುವ ಸಂವೇದಕಗಳು ತಮ್ಮ ಮಿತಿ ದಾಟಿದವು. ಒಳಗಿನ ಕಂಪ್ಯೂಟರ್ ಅವು ಕೆಟ್ಟಿವೆ ಎಂದು ತಿಳಿದು ಬದಲಿ ದಾರಿ ಹಿಡಿಯಿತು. ಸೆಕೆಂಡಿಗೆ ಏಳೂವರೆ ಕಿಲೋಮೀಟರ್‌ಗಿಂತ ಜಾಸ್ತಿ ವೇಗ ಬಂದಿತ್ತು. ಕೊರತೆಯಾಗಿದ್ದು ಸೆಕೆಂಡಿಗೆ ಬರೀ 56 ಮೀಟರ್, ನೂರಕ್ಕೆ ಒಂದು ಪಾಲೂ ಇಲ್ಲ. ಅಷ್ಟಕ್ಕೇ ಕಕ್ಷೆಯ ಒಂದು ತುದಿ 76 ಕಿಲೋಮೀಟರ್‌ಗೆ ಇಳಿಯಿತು, ಉಪಗ್ರಹಗಳು ಉಳಿಯಲಿಲ್ಲ. ಅದರಲ್ಲೊಂದು, ದೇಶದ ಸರ್ಕಾರಿ ಶಾಲೆಗಳ 750 ಹೆಣ್ಣುಮಕ್ಕಳು ಸೇರಿ ಮಾಡಿದ್ದ ಆಜಾದಿಸ್ಯಾಟ್.

ಆ ದಿನ ಒಂದು ಟಿವಿ ಚಾನಲ್‌ನಲ್ಲಿ ನಾನು ನೋಡಿದ್ದು ಕೂಗಾಟ ಮಾತ್ರ. ನಡುಕ ಎಲ್ಲಿಂದ ಬಂತು, ಅದನ್ನು ಹೇಗೆ ಸರಿಮಾಡಿದರು ಎಂದು ಆಮೇಲೆ ವಿವರಿಸಿದವರು ಎಷ್ಟು ಜನ? ಕಳಚುವ ಏರ್ಪಾಡನ್ನು ಬದಲಿಸಿ ಝಟಕಾ ಕಡಿಮೆ ಮಾಡಿದರು. ಆರು ತಿಂಗಳಾಗಿತ್ತು ಅಷ್ಟೇ, 2023ರ ಫೆಬ್ರುವರಿ 10ರಂದು ಮತ್ತೆ ಹಾರಿಸಿ ಗೆದ್ದರು. ಆಜಾದಿಸ್ಯಾಟ್-2 ಅದರಲ್ಲೇ ಇತ್ತು. 2024ರ ಆಗಸ್ಟ್ 16ರಂದು ಮೂರನೆಯದೂ ಗೆದ್ದಿತು. ಬಿದ್ದದ್ದು ನೆನಪಿಟ್ಟುಕೊಳ್ಳುತ್ತೇವೆ, ಎದ್ದದ್ದು ಮರೆಯುತ್ತೇವೆ. ನಮ್ಮ ಮಕ್ಕಳ ಮಾರ್ಕ್ಸ್‌ಕಾರ್ಡ್ ವಿಚಾರದಲ್ಲೂ ಇದೇ ಕಥೆ.

ಕೆಲವು ವರ್ಷದ ಹಿಂದೆ ಪೀಣ್ಯದ ಒಂದು ವರ್ಕ್‌ಶಾಪಿಗೆ ಹೋಗಿದ್ದೆ. ಐಟಿಐ ಓದಿದ ಟರ್ನರ್ ಒಬ್ಬರು, ಐವತ್ತು ದಾಟಿದವರು, ಲೇತ್ ಮೇಲೆ ಅಲ್ಯೂಮಿನಿಯಂ ಬಳೆಯೊಂದನ್ನು ಕಡೆಯುತ್ತಿದ್ದರು. ಬೆಳ್ಳಗಿನ ಸುರುಳಿ ಚೂರುಗಳು ಕಾಲಡಿ ಬೀಳುತ್ತಿದ್ದವು. ಮಿಷನ್ ನಿಲ್ಲಿಸಿ, ಬಟ್ಟೆಯಿಂದ ಒರೆಸಿ, ಮೈಕ್ರೋಮೀಟರ್ ಹಿಡಿದು ಮೂರು ಕಡೆ ಅಳೆದರು. ಒಂದು ಕಡೆ ಕೂದಲಿನ ಅರ್ಧದಷ್ಟು ಜಾಸ್ತಿ ಹೋಗಿತ್ತು. ಏನೂ ಮಾತಾಡದೆ ಆ ಜಾಬನ್ನು ಕೆಂಪು ಟ್ರೇಗೆ ಹಾಕಿ ಇನ್ನೊಂದು ತಗೊಂಡರು. ‘ಈ ಕೆಲಸ ಕಲಿಯೋಕೆ ಈಗ ಹುಡುಗರು ಬರಲ್ಲ ಸಾರ್. ಬಂದರೂ ಹೆಣ್ಣು ಕೊಡಲ್ಲ’ ಎಂದರು. ನನ್ನ ಹೊಟ್ಟೆಯ ಸಂಕಟ ಇದೇ. ಬೀದಿಗೊಂದು ಕೋಡಿಂಗ್ ಕ್ಲಾಸು ಇದೆ, ಫಿಟ್ಟರ್ ಆಗ್ತೀನಿ ಅಂದ ಮಗನನ್ನು ಮನೆಯಲ್ಲೇ ಬೈಯುತ್ತೇವೆ. ಬಿಸಾಡುವ ರಾಕೆಟ್ ಬೇಕೆಂದರೆ ಪ್ರತಿ ಸಲ ಹೊಸದು ಮಾಡಬೇಕು. ಮಾಡುವ ಕೈಗಳಿಗೆ ವರ್ಷಪೂರ್ತಿ ಕೆಲಸ ಬೇಕು. ನನಗೆ ಅದು ದಂಡ ಅನ್ನಿಸುವುದಿಲ್ಲ.

ಅದೇ ಪೀಣ್ಯದ ಶೆಡ್ಡುಗಳಲ್ಲಿ ನಮ್ಮ ಉಡುಪಿ ಕಡೆಯ ಯು.ಆರ್. ರಾವ್ ಮತ್ತು ಅವರ ತಂಡ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದರು. 360 ಕಿಲೋ ತೂಕ. ಅದನ್ನು ಹೊರುವ ರಾಕೆಟ್ ನಮ್ಮಲ್ಲಿರಲಿಲ್ಲ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಹೊತ್ತುಕೊಂಡು ಹೋಯಿತು. ಈಗ ಅಷ್ಟು ತೂಕ ಹೊರಬಲ್ಲ ಎಸ್‌ಎಸ್‌ಎಲ್‌ವಿಯನ್ನು ತಾನೇ ಮಾಡುವ ವಿದ್ಯೆಗೆ ಬೆಂಗಳೂರಿನ ಎಚ್‌ಎಎಲ್ 511 ಕೋಟಿಯ ಬಿಡ್ ಕೂಗಿ ಗೆದ್ದಿದೆ, 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಂದಕ್ಕೆ ಸಹಿಯೂ ಆಗಿದೆ. ನೀವು ‘ಕೊಟ್ಟಿದ್ದಾರೆ’ ಎಂದು ಬೇಸರದಿಂದ ಬರೆದಿದ್ದೀರಿ. ನನಗಂತೂ ಆ ಸುದ್ದಿ ಓದಿದ ದಿನ ಊಟ ರುಚಿಸಿತು.

ಇನ್ನು ನಿಮ್ಮ ಮೊಮ್ಮಗನ ವಿಷಯ. ಖಂಡಿತ ತೋರಿಸಬಹುದು. ಶ್ರೀಹರಿಕೋಟಾದಲ್ಲಿ ಜನ ಕೂತು ನೋಡೋಕೆ ಗ್ಯಾಲರಿ ಇದೆ, ಮೊದಲೇ ಹೆಸರು ನೋಂದಾಯಿಸಬೇಕು. ತಮಿಳುನಾಡಿನ ಕುಲಶೇಖರಪಟ್ಟಣದಲ್ಲೂ ಸಣ್ಣ ರಾಕೆಟ್‌ಗಳಿಗೆಂದೇ ಹೊಸ ಉಡಾವಣಾ ಕೇಂದ್ರಕ್ಕೆ 2024ರಲ್ಲಿ ಅಡಿಗಲ್ಲು ಬಿದ್ದಿದೆ. ಅಲ್ಲಿಂದ ದಕ್ಷಿಣಕ್ಕೆ ಹಾರಿದರೆ ಶ್ರೀಲಂಕಾವನ್ನು ಸುತ್ತಿ ಬಳಸುವ ಪಾಡಿಲ್ಲ, ಇಂಧನ ಉಳಿಯುತ್ತದೆ. ಹುಡುಗನಿಗೆ ಈ ನಕ್ಷೆಯನ್ನು ನೀವೇ ಬೋರ್ಡಿನ ಮೇಲೆ ಬರೆದು ತೋರಿಸಿ. ಬೆಂಕಿ ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಆ ನಡುವಿನ ಸೆಕೆಂಡುಗಳನ್ನು ಅವನೇ ಎಣಿಸಲಿ. ಎಷ್ಟು ಎಣಿಸಿದ ಅಂತ ನನಗೆ ಬರೆಯಿರಿ, ಅಚ್ಚು ಮಾಡುತ್ತೇನೆ.

– ಸಂ.