ಕ್ಯಾಪ್ ಹಾಕಿದ ಹಲ್ಲಿಗೆ ಮತ್ತೆ ರೂಟ್ ಕೆನಾಲ್ ಯಾಕೆ?

ಪ್ರಶ್ನೆ: ಆರು ವರ್ಷದ ಹಿಂದೆ ಮೇಲಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದೆ. ಈಗ ವಸಡಿನಲ್ಲಿ ಸಣ್ಣ ಗುಳ್ಳೆ ಬಂದು ಬಂದು ಹೋಗುತ್ತಿದೆ. ಒಳಗಿನ ಹಳೇ ಫಿಲ್ಲಿಂಗ್ ತೆಗೆದು ಮತ್ತೆ ಮಾಡಬೇಕಂತೆ. ನರವನ್ನೇ ತೆಗೆದ ಮೇಲೆ ಇನ್ನೇನು ಉಳಿದಿದೆ? ಆ ಫಿಲ್ಲಿಂಗ್ ಹೊರಗೆ ಬರುತ್ತದಾ? ಸುಮ್ನೆ ಕೀಳಿಸಿಬಿಡಲೇ?
– ಓದುಗರು, ತಿಪಟೂರು

ಉತ್ತರ: ಕೀಳಿಸೋ ಮಾತು ಸ್ವಲ್ಪ ತಡೆಯಿರಿ. ನರ ಇಲ್ಲ, ನಿಜ. ಆದರೆ ಬೇರಿನ ಸುತ್ತಲಿನ ಮೂಳೆಗೆ ಜೀವ ಇದೆ ಅಲ್ವಾ? ಬೇರಿನೊಳಗೆ ನರವಿದ್ದ ಸಣ್ಣ ಕಾಲುವೆಯಲ್ಲಿ ಉಳಿದ ಬ್ಯಾಕ್ಟೀರಿಯಾದಿಂದ ಬೇರಿನ ತುದಿಯಲ್ಲಿ ಕೀವಾಗುತ್ತದೆ. ಅದು ಹೊರಬರುವ ಬಾಯಿಯೇ ನಿಮ್ಮ ಗುಳ್ಳೆ. ಮೇಲಿನ ಮೊದಲ ದವಡೆ ಹಲ್ಲಾದರೆ ನಾನು ಹುಡುಕುವುದು ನಾಲ್ಕನೇ ಕಾಲುವೆಯನ್ನು. ಬೇರು ಮೂರೇ, ಆದರೆ ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಹೆಚ್ಚಿನವರಿಗೆ ಎರಡು ಕಾಲುವೆ ಇರುತ್ತವೆ. ಎರಡನೆಯದು ತೀರಾ ಸಣ್ಣದು, ಎಷ್ಟೋ ಸಲ ಕಣ್ತಪ್ಪುತ್ತದೆ.

ಒಳಗೆ ತುಂಬಿರೋದು ಸಾಮಾನ್ಯವಾಗಿ ಗಟ್ಟಾ ಪರ್ಚಾ. ಮಲೇಷ್ಯಾ ಕಡೆಯ ಮರದ ಹಾಲಿನಿಂದ ಬರುವ, ರಬ್ಬರಿನಂಥ ವಸ್ತು. ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ನಮಗೆ ಅದೇ ಅನುಕೂಲ. ಕ್ಯಾಪ್ ಬಿಚ್ಚಿ, ಇಲ್ಲವೇ ಅದರಲ್ಲೇ ತೂತು ಮಾಡಿ ಒಳಗೆ ಹೋಗುತ್ತೇವೆ. ಮೇಲಿನ ಭಾಗ ಬಿಸಿ ಮೊನೆಗೋ, ಯಂತ್ರದಲ್ಲಿ ತಿರುಗುವ ಫೈಲಿಗೋ (ಕಾಲುವೆ ಉಜ್ಜುವ ಸೂಜಿಯಂಥ ಸಾಧನ) ಬೇಗ ಬರುತ್ತದೆ. ಆಮೇಲೆ ಹೆಡ್‌ಸ್ಟ್ರಾಮ್ ಎಂಬ ಚೂಪು ಅಂಚಿನ ಫೈಲನ್ನು ಪಕ್ಕದಲ್ಲಿ ತೂರಿಸಿ ಎಳೆಯುವುದು. ಕೆಲವೊಮ್ಮೆ ಗಟ್ಟಾ ಪರ್ಚಾದ ಇಡೀ ಕಡ್ಡಿಯೇ ಕಚ್ಚಿಕೊಂಡು ಬರುತ್ತದೆ. ಅವತ್ತು ನನಗೆ ಹಬ್ಬ.

ಗಟ್ಟಿಯಾಗಿ ಕೂತಿದ್ದರೆ ಕರಗಿಸುವ ದ್ರವ ಬೇಕು. ಕ್ಲೋರೋಫಾರ್ಮ್, ಕ್ಸೈಲೀನ್ ಬೇಗ ಕರಗಿಸುತ್ತವೆ. ಕಿತ್ತಳೆ ಎಣ್ಣೆ, ನೀಲಗಿರಿ ಎಣ್ಣೆ ನಿಧಾನ. (ಹಾಗಂತ ಮನೆಯಲ್ಲಿ ನೀಲಗಿರಿ ಎಣ್ಣೆ ಹಚ್ಚಬೇಡಿ, ವಸಡು ಉರಿಯುತ್ತದೆ ಅಷ್ಟೇ.) ನಾನಂತೂ ಒಂದೆರಡು ಹನಿಗಿಂತ ಜಾಸ್ತಿ ಹಾಕಲ್ಲ. ಕರಗಿದ್ದು ಕಾಲುವೆಯ ಗೋಡೆಗೆ ಪದರವಾಗಿ ಮೆತ್ತಿಕೊಂಡರೆ ತೆಗೆಯೋದು ಇನ್ನೂ ಕಷ್ಟ.

ಯಾವ ವಿಧಾನದಲ್ಲೂ ಪೂರ್ತಿ ಬರುತ್ತದೆ ಅಂತ ಭರವಸೆ ಕೊಡಲಾಗದು, ಚೂರುಪಾರು ಉಳಿಯುತ್ತದೆ. ಅದಕ್ಕೇ ತೆಗೆದ ಮೇಲೆ ಕ್ರಿಮಿ ಕೊಲ್ಲುವ ದ್ರವವಾದ ಹೈಪೋಕ್ಲೋರೈಟ್‌ನಿಂದ ಚೆನ್ನಾಗಿ ತೊಳೆಯುತ್ತೇವೆ. ಬಹಳ ಸಲ ಒಂದೆರಡು ವಾರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಔಷಧಿ ಒಳಗೆ ಇಟ್ಟು ನೋಡಿ ಆಮೇಲೆ ತುಂಬುತ್ತೇವೆ. ಒಂದೇ ಸಿಟ್ಟಿಂಗ್‌ನಲ್ಲಿ ಮುಗಿಸಿ ಅಂತ ಡಾಕ್ಟರಿಗೆ ಅವಸರ ಮಾಡಬೇಡಿ.

ಬೇರು ಉದ್ದಕ್ಕೆ ಸೀಳಿದ್ದರೆ ಮಾತ್ರ ಇದೆಲ್ಲ ದಂಡ, ಆಗ ಕೀಳಿಸುವುದೇ ಸರಿ. ಹಾಗಾಗಿ ಶುರು ಮಾಡುವ ಮೊದಲೇ ಕೇಳಿ: ಸೀಳು ಇದೆಯಾ, ಒಳಗೆ ಕ್ಯಾಪಿಗೆ ಆಸರೆಯಾಗಿ ಕೂರಿಸಿದ ಲೋಹದ ಕಡ್ಡಿ (ಪೋಸ್ಟ್) ಇದೆಯಾ, ಸಿಬಿಸಿಟಿ ಸ್ಕ್ಯಾನ್ (ಹಲ್ಲಿನ ಮೂರು ಆಯಾಮದ ಎಕ್ಸ್-ರೇ) ಬೇಕಾ? ಹಳೇ ಎಕ್ಸ್-ರೇ ಮನೆಯಲ್ಲಿ ಎಲ್ಲಾದರೂ ಇದ್ದರೆ ಜೊತೆಗೆ ಒಯ್ಯಿರಿ. ಈ ಮಧ್ಯೆ ಮುಖ ಊದಿಕೊಂಡರೆ, ಜ್ವರ ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಹೋಗಿ.